ಅಳತೆಗೆ ನಿಂತವಳು

ಬುಗುರಿ ಒಂದು ಕಡೆ ನಿಂತವಳಲ್ಲ, ಅದಕ್ಕೇ ಅವಳಿಗೆ ಆ ಹೆಸರು. ಹನ್ನೆರಡು ತುಂಬಿ ಹದಿಮೂರಕ್ಕೆ ಕಾಲಿಟ್ಟರೂ, ತಾಯಿ ಟೇಪು ಕೈಗೆತ್ತಿಕೊಂಡಳೆಂದರೆ ಸಾಕು, ಎಲ್ಲೋ ತುರಿಕೆ, ಎಲ್ಲೋ ಕಚಗುಳಿ. ಬೀದಿಯವರೆಲ್ಲ ಟೈಲರಕ್ಕ ಎಂದು ಕರೆಯುವ ಆ ತಾಯಿ ಅರ್ಧ ಊರಿನ ಮೈ ಅಳೆದವಳು. ಹೆತ್ತ ಮಗಳ ಭುಜ ಮಾತ್ರ ಅವಳ ಟೇಪಿಗೆ ಸಿಕ್ಕಿರಲಿಲ್ಲ.

ಬುಗುರಿಯ ಬದಲು ಅಳತೆಗೆ ನಿಲ್ಲುತ್ತಿದ್ದವಳು ಗೊಂಬೆ. ಇಬ್ಬರೂ ಒಂದೇ ತರಗತಿ, ಒಂದೇ ಬೆಂಚು, ನೋಡುವುದಕ್ಕೆ ಒಂದೇ ಎತ್ತರ. ಗೊಂಬೆಗೆ ತಂದೆತಾಯಿ ಇರಲಿಲ್ಲ. ಬೀಗದ ಕೈ ಮಾಡಿಕೊಡುವ ಅಂಗಡಿಯ ಸೋದರಮಾವನ ಮನೆಯಲ್ಲಿ ಬೆಳೆಯುತ್ತಿದ್ದಳು. ಶಾಲೆ ಬಿಟ್ಟಮೇಲೆ ಇವರ ಮನೆಗೆ ಬರುತ್ತಿದ್ದಳು. ಬಂದದ್ದೂ ತಿಳಿಯುತ್ತಿರಲಿಲ್ಲ, ಹೋದದ್ದೂ ತಿಳಿಯುತ್ತಿರಲಿಲ್ಲ. "ಸ್ವಲ್ಪ ನಿಲ್ಲಮ್ಮ" ಅಂದರೆ ಸ್ಟೂಲು ಹತ್ತಿ, ಎರಡೂ ಕೈ ಅಗಲಿಸಿ, "ಸಾಕು" ಅನ್ನುವವರೆಗೆ ಹಾಗೇ ನಿಂತಿರುತ್ತಿದ್ದಳು. ಗೊಂಬೆ ಎಂಬ ಹೆಸರಿಟ್ಟದ್ದು ಟೈಲರಕ್ಕನ ಅತ್ತೆ.

ಆ ಹುಡುಗಿಯ ಮುಖ ಹೇಗಿದೆ ಎಂದು ಯಾರಾದರೂ ಕೇಳಿದ್ದರೆ ಟೈಲರಕ್ಕ ತಡವರಿಸುತ್ತಿದ್ದಳು. ಎಡಭುಜ ಬಲಭುಜಕ್ಕಿಂತ ಅರ್ಧ ಬೆರಳು ತಗ್ಗು ಎನ್ನುವುದು ಮಾತ್ರ ಅವಳ ಕೈಗೆ ಗೊತ್ತಿತ್ತು. ಕೈಗೆ ಸಿಕ್ಕ ಮೈಗೆ ತಾನೇ ಕೈ ಹೊಲಿಯುವುದು? ಮಗಳ ಅಂಗಿಗಳಿಗೂ ಎಡಗಡೆ ಒಂದು ಪದರ ಬಟ್ಟೆ ಸೇರಿಸಿ ಹೊಲಿದುಬಿಡುತ್ತಿದ್ದಳು.

"ಅಮ್ಮಾ, ಇದು ಕುತ್ತಿಗೆ ಹತ್ರ ಹಿಡಿಯುತ್ತೆ."

"ನೆಟ್ಟಗೆ ನಿಂತು ಅಳತೆ ಕೊಟ್ಟಿದ್ರೆ ಹಿಡೀತಿರಲಿಲ್ಲ. ಹಾಕ್ಕೋ, ಹಾಕ್ತಾ ಹಾಕ್ತಾ ಸರಿಹೋಗುತ್ತೆ."

ಪರೀಕ್ಷೆ ಮುಗಿದ ವಾರ ಊಟದ ಮೇಜಿನ ಮೇಲೆ ಎರಡು ಕಾಗದ ಬಂದು ಕೂತವು. ಒಂದನ್ನು ಟೈಲರಕ್ಕ ತಂದದ್ದು: ಊರ ಗ್ರಂಥಾಲಯದ ಬೇಸಿಗೆ ಶಿಬಿರ, ಕಂಪ್ಯೂಟರು, ಚಿತ್ರಕಲೆ, ಗಣಿತದ ಆಟ, ಬೆಳಿಗ್ಗೆ ಹತ್ತಕ್ಕೆ ಹೋದರೆ ನಾಲ್ಕಕ್ಕೆ ಮನೆ. ಇನ್ನೊಂದು ಲಿಫ್ಟ್ ರಿಪೇರಿ ಕೆಲಸದ ಗಂಡ ತಂದದ್ದು: ಕೆರೆಯ ದಡದಲ್ಲಿ ನಾಲ್ಕು ವಾರದ ಶಿಬಿರ. ಡೇರೆ, ದೋಣಿ, ಹಗ್ಗದ ಗಂಟು, ಗಿಡಮರದ ಪಾಠ, ನಕ್ಷತ್ರದ ಪಾಠ. ಆ ಕಾಗದದ ಮೇಲೆ ಕೆರೆಯ ಚಿತ್ರವಿತ್ತು. ನೀರು ಅಲುಗದೆ ಕನ್ನಡಿಯ ಹಾಗೆ ಬಿದ್ದಿತ್ತು. ದಡದ ಮಕ್ಕಳೆಲ್ಲ ನೀರಿಗೆ ಮುಖ ಮಾಡಿ, ಚಿತ್ರ ನೋಡುವವರಿಗೆ ಬೆನ್ನು ಕೊಟ್ಟು ನಿಂತಿದ್ದರು.

"ಒಂದು ಮಗೂದಾದ್ರೂ ಮುಖ ಕಾಣ್ಸುತ್ತಾ ನೋಡಿ," ಅಂದಳು ಟೈಲರಕ್ಕ.

"ಮುಖ ನೋಡೋಕೆ ಮದುವೆ ಮಾಡ್ತಿದ್ದೀವಾ?" ಗಂಡ ಆಲೂಗಡ್ಡೆ ಪಲ್ಯ ಬಡಿಸಿಕೊಳ್ಳುತ್ತ ಅಂದ. "ಇಡೀ ದಿನ ಲಿಫ್ಟಿನ ಗುಂಡಿಯೊಳಗೆ ಇರ್ತೀನಿ. ನನ್ನ ಮಗಳಾದ್ರೂ ನಾಲ್ಕು ವಾರ ಆಕಾಶ ನೋಡಲಿ."

"ಆಕಾಶ ಮಹಡಿ ಮೇಲೂ ಇದೆ."

"ಬಟ್ಟೆ ಒಣಹಾಕಿರ್ತೀಯಲ್ಲೇ, ಎಲ್ಲಿ ಕಾಣುತ್ತೆ?"

ಅತ್ತೆ ನಕ್ಕರು. ಅವರು ಯಾವ ಪಕ್ಷ ಎಂದು ಹೇಳುವುದು ಯಾರಿಂದಲೂ ಆಗುತ್ತಿರಲಿಲ್ಲ. ಅನ್ನ ಬಿಸಿಯಿದ್ದ ದಿನ ಸೊಸೆಯ ಕಡೆ, ಆರಿದ ದಿನ ಮಗನ ಕಡೆ. ಅವತ್ತು ಅನ್ನ ಆರಿತ್ತು.

"ಕಳಿಸೇ. ಆರು ವರ್ಷದವಳಿದ್ದಾಗ ಬಸ್ಸಿಂದ ಬೇರೆ ಸ್ಟಾಪಲ್ಲಿ ಇಳಿದು ಮೂರು ಗಂಟೆ ಹೊತ್ತು ಸಿಗಲಿಲ್ಲ ಅಂತ, ಇನ್ನೂ ಸೆರಗಿಗೆ ಕಟ್ಟಿಕೊಂಡೇ ತಿರುಗ್ತೀಯಲ್ಲ."

"ನಾನು ಹೋಗ್ತೀನಿ," ಅಂದಳು ಬುಗುರಿ, ಕುರ್ಚಿಯ ಎರಡೇ ಕಾಲಿನ ಮೇಲೆ ತೂಗುತ್ತ. "ಕೆರೆಗೇ ಹೋಗ್ತೀನಿ."

ಮೂರು ಮಂದಿಯ ಮುಂದೆ ಒಬ್ಬಳು ಎಷ್ಟೆಂದು ಗುದ್ದಾಡಿಯಾಳು? ದುಡ್ಡು ಕಟ್ಟಿದ್ದಾಯಿತು, ಕಟ್ಟಿದ್ದು ವಾಪಸ್ಸು ಬರುವುದಿಲ್ಲ ಎಂಬ ಷರತ್ತಿಗೆ ಸಹಿ ಬಿತ್ತು. ಶಿಬಿರದವರು ಹೆಸರಿನ ಬದಲು ಪ್ರತಿ ಮಗುವಿಗೂ ಒಂದು ಸಂಖ್ಯೆ ಕೊಡುತ್ತಿದ್ದರು. ಹೆಸರು ಮನೆಯಲ್ಲಿ ಬಿಟ್ಟು ಬಂದರೆ ದೊಡ್ಡ ಮನೆ, ಸಣ್ಣ ಮನೆ ಎಂಬ ಭೇದ ಇರುವುದಿಲ್ಲ ಎಂದು ಕಾಗದದಲ್ಲಿ ಬರೆದಿತ್ತು. ಬುಗುರಿಗೆ ಬಂದದ್ದು ನಲವತ್ತೊಂದು. ಮೂವತ್ತಾರು ಬಟ್ಟೆಗಳ ಪಟ್ಟಿ, ಜೊತೆಗೆ '೪೧' ಎಂದು ಅಚ್ಚಾದ ಬಟ್ಟೆಚೂರುಗಳ ಸುರುಳಿ. ಕಾಲುಚೀಲಕ್ಕೂ ಬಿಡದೆ ಹೊಲಿಯಬೇಕು.

ಹೊಲಿಗೆ ನಡೆದ ನಾಲ್ಕು ಸಂಜೆಯೂ ಗೊಂಬೆ ಸ್ಟೂಲಿನ ಮೇಲೆ ನಿಂತಿದ್ದಳು. ಪಕ್ಕದಲ್ಲೇ ಮೇಜಿಗೆ ಒರಗಿ ಗಂಡ ಶಿಬಿರದ ಫಾರಂ ತುಂಬಿಸುತ್ತಿದ್ದ. ಅದರಲ್ಲಿ ಇಲ್ಲದ ಪ್ರಶ್ನೆಯಿಲ್ಲ.

"ಕತ್ತಲಿಗೆ ಹೆದರುತ್ತಾಳಾ?"

"ಹೂಂ ಅಂತ ಹಾಕಿ," ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಟೈಲರಕ್ಕ ಅಂದಳು.

"ಇಲ್ಲ ಅಂತ ಹಾಕಪ್ಪ!" ಒಳಗಿನಿಂದ ಬುಗುರಿ ಕೂಗಿದಳು.

"ತಿನ್ನಬಾರದ್ದು?"

"ಕಡಲೆಕಾಯಿ. ತಿಂದ್ರೆ ಮೈ ಉಬ್ಬುತ್ತೆ. ದೊಡ್ಡದಾಗಿ ಬರೀರಿ."

"ಈಜು ಬರುತ್ತಾ?" ಗಂಡ ಕೇಳಿದ, ತಾನೇ ಉತ್ತರವನ್ನೂ ಹೇಳಿಕೊಂಡ. "ಬರುತ್ತೆ. ನಾನೇ ಕಲಿಸಿದ್ದು, ಮೀನು."

"ತೋಳೆತ್ತು," ಅಂದಳು ಟೈಲರಕ್ಕ. ಗೊಂಬೆ ತೋಳೆತ್ತಿದಳು. ಅವಳ ತುಟಿ ಅಲ್ಲಾಡುತ್ತಿದ್ದುದನ್ನು ಟೈಲರಕ್ಕ ನೋಡಿದಳು, ಏನೋ ಹಾಡು ಗುನುಗುತ್ತಿದ್ದಾಳೆ ಅಂದುಕೊಂಡಳು.

ಬಟ್ಟೆಯ ಪೆಟ್ಟಿಗೆ ಹತ್ತು ದಿನ ಮುಂಚೆಯೇ ಹೋಗಬೇಕಿತ್ತು. ಶಿಬಿರದ ಲಾರಿ ಬಂತು, ಇಬ್ಬರು ಬಂದು ಎತ್ತಿಕೊಂಡು ಹೋದರು. ಲಾರಿ ತಿರುವು ದಾಟಿದ ಮೇಲೆ ಟೈಲರಕ್ಕ ಒಳಬಂದು, ಅವರು ಕೊಟ್ಟುಹೋದ ರಸೀತಿಯ ಹಿಂಬದಿ ಓದಿದಳು. ಮಕ್ಕಳಿಗೆ ಫೋನು ಇಲ್ಲ. ಮನೆಯವರ ಫೋನನ್ನೂ ಮಕ್ಕಳಿಗೆ ಕೊಡಲಾಗುವುದಿಲ್ಲ. ವಾರಕ್ಕೊಂದು ಕಾರ್ಡು ಬರುತ್ತದೆ.

"ನಾಲ್ಕು ವಾರ ಅವಳ ಧ್ವನಿ ಕೇಳೋ ಹಾಗಿಲ್ವಾ?"

ಅವಳು ಜಗಳವಾಡಲಿಲ್ಲ. ಮಷೀನಿನ ಮೇಲೆ ಮುಸುಕು ಹಾಕಿದಳು. ಅಡಿಗೆ ಮಾಡಿ ಬಡಿಸಿದಳು, ತಾನು ತಟ್ಟೆ ಇಟ್ಟುಕೊಳ್ಳಲಿಲ್ಲ. ಹದಿನಾಲ್ಕು ವರ್ಷ ಬೆಳಗಿನಿಂದ ಸಂಜೆತನಕ ಕೇಳುತ್ತಿದ್ದ ಮಷೀನಿನ ಸದ್ದು ನಿಂತಾಗ ಮನೆಯಲ್ಲಿ ಹಾಲು ಕುದಿಯುವುದು, ಗಡಿಯಾರ, ಪಕ್ಕದ ಮನೆಯವರ ಚಪ್ಪಲಿ, ಎಲ್ಲ ಕೇಳತೊಡಗಿತು. ಎರಡನೆಯ ದಿನ ಅತ್ತೆಯೇ ಸೋತರು. "ಆ ಮಷೀನು ತುಳಿಯೇ ತಾಯಿ, ಸತ್ತವರ ಮನೆ ಇದ್ದ ಹಾಗಿದೆ." ಮೂರನೆಯ ದಿನ ಗಂಡ ಸೋತ.

"ನಿನ್ನ ಮಗಳು, ನಿನ್ನಿಷ್ಟ. ಲೈಬ್ರರಿಗೇ ಕಳಿಸು. ಅವರಿಗೆ ಹೇಳೋದೂ ನೀನೇ ಹೇಳ್ಕೋ."

ಟೈಲರಕ್ಕ ಚೀಟಿ ಬರೆದಳು: ನಲವತ್ತೊಂದನೆಯ ಸಂಖ್ಯೆಯ ನಮ್ಮ ಮಗಳು ಬರುವುದಿಲ್ಲ, ದಯವಿಟ್ಟು ಪೆಟ್ಟಿಗೆ ಹಿಂದಿರುಗಿಸಿ. ಶಿಬಿರದ ಬಸ್ಸು ಹೊರಡುವ ಬೆಳಿಗ್ಗೆ ದಾದಿಯರ ಸಮವಸ್ತ್ರ ಒಯ್ಯಲು ಆಸ್ಪತ್ರೆಯವರು ಬಾಗಿಲಲ್ಲೇ ನಿಂತಿದ್ದರು. ಅವರನ್ನು ಬಿಟ್ಟು ಹೋಗಲಾಗದೆ ಚೀಟಿಯನ್ನು ಬುಗುರಿಯ ಕೈಗೇ ಕೊಟ್ಟಳು. "ಪಟ್ಟಿ ಹಿಡ್ಕೊಂಡಿರ್ತಾರಲ್ಲ, ಅವರ ಕೈಗೆ ಕೊಟ್ಟು ಬಾ."

ಬುಗುರಿ ಹೋದಳು, ಬಂದಳು. "ಕೊಟ್ಟೆಯಾ?" "ಹೂಂ." ಬೆಕ್ಕಿಗೆ ಹಾಲು ಕಾಯಲು ಹೇಳಿದಂತೆ ಎಂದು ಅತ್ತೆ ಆಮೇಲೆ ಎಷ್ಟೋ ಸಲ ಆಡಿಕೊಂಡರು. ಅವತ್ತು ಮಾತ್ರ ಯಾರಿಗೂ ಏನೂ ಹೊಳೆಯಲಿಲ್ಲ.

ಬುಗುರಿ ಗ್ರಂಥಾಲಯಕ್ಕೆ ಹೋಗತೊಡಗಿದಳು. ಹತ್ತಕ್ಕೆ ಹೋಗುವಳು, ನಾಲ್ಕಕ್ಕೆ ಬರುವಳು. ಏನು ಕಲಿತೆ ಎಂದರೆ "ಏನೋ" ಎನ್ನುವಳು. ಕುರ್ಚಿ ತೂಗುವುದನ್ನು ಬಿಟ್ಟಿದ್ದಳು. ಬಡಿಸಿದ್ದನ್ನು ತಿಂದು, ತಟ್ಟೆ ತೊಳೆದಿಟ್ಟು, ಕಿಟಕಿಯ ಬಳಿ ಸುಮ್ಮನೆ ಕೂರುವಳು. ಮಗಳು ಮನೆಯಲ್ಲೇ ಇದ್ದಳು. ಆದರೂ ಟೈಲರಕ್ಕ ಮಷೀನಿನ ದಾರದ ಬಾಬಿನ್ನು ಬದಲಿಸುವಾಗೆಲ್ಲ ಒಮ್ಮೆ ತಿರುಗಿ ನೋಡುತ್ತಿದ್ದಳು.

ಆರನೆಯ ದಿನ ಮಧ್ಯಾಹ್ನ ಕಾರ್ಡು ಬಂತು.

"ಪ್ರೀತಿಯ ಅಮ್ಮ, ಅಪ್ಪ, ಅಜ್ಜಿ. ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಬ್ರೆಡ್ಡು, ಮೊಟ್ಟೆ ಕೊಡುತ್ತಾರೆ. ಹಗ್ಗದಲ್ಲಿ ಒಂಬತ್ತು ತರದ ಗಂಟು ಕಲಿತೆ. ಬಟ್ಟೆ ಎಲ್ಲ ಸರಿಯಾಗಿದೆ, ಎಲ್ಲೂ ಹಿಡಿಯುವುದಿಲ್ಲ. ಕತ್ತಲಿಗೆ ಹೆದರಿಕೆ ಆಗುತ್ತದೆ, ಆದರೆ ಹೇಳುವುದಿಲ್ಲ. ಮಷೀನು ಈಗಲೂ ತಿರುವಿನಲ್ಲಿ ಕಟಕ್ ಅನ್ನುತ್ತದಾ? ನಿಮ್ಮ ಮಗಳು, ೪೧."

ಟೈಲರಕ್ಕ ಓದಿದಳು. ಓದಿ, ಕಾರ್ಡನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಕಾಲು ತಾನಾಗಿ ಪೆಡಲು ತುಳಿಯಿತು. ತಿರುವಿನಲ್ಲಿ ಮಷೀನು ಕಟಕ್ ಅಂದಿತು.

"ಏನೋ ಎಡವಟ್ಟಾಗಿದೆ," ರಾತ್ರಿ ಊಟಕ್ಕೆ ಕೂತಾಗ ಗಂಡ ಅಂದ. "ಎಲ್ಲ ಮಕ್ಕಳಿಗೂ ಒಂದೇ ತರ ಬರೆಸಿರ್ತಾರೆ. ಅಂಗಡಿಯವರು ಹಬ್ಬಕ್ಕೆ ಕಾರ್ಡು ಹಾಕಲ್ವಾ, ಹಾಗೆ."

"ಅಂಗಡಿಯವರಿಗೆ ನನ್ನ ಮಷೀನು ಕಟಕ್ ಅನ್ನೋದು ಗೊತ್ತಿರುತ್ತಾ?"

ಬುಗುರಿ ತಟ್ಟೆಯಿಂದ ತಲೆಯೆತ್ತಲಿಲ್ಲ.

ಅತ್ತೆ ಮೊಮ್ಮಗಳ ಮುಖವನ್ನು ಬಹಳ ಹೊತ್ತು ನೋಡಿದರು. "ಅಲ್ಲಿರೋಳು ಇಷ್ಟು ಚೆನ್ನಾಗಿ ಮಾತಾಡ್ತಾಳೆ. ಇಲ್ಲಿರೋಳಿಗೆ ಬಾಯೇ ಇಲ್ಲ. ನಮ್ಮೋಳು ಯಾವಳೇ?"

"ಅಮ್ಮಾ, ಹಾಗೆಲ್ಲ ಅನ್ಬೇಡ," ಮಗ ಗದರಿದ.

"ತಮಾಷೆಗೆ ಅಂದೆ ಕಣೋ." ಆದರೆ ಅವರೂ ನಗಲಿಲ್ಲ. ಮರುದಿನದಿಂದ ಮುದುಕಿ "ಆ ಕಡೆಯೋಳು" "ಈ ಕಡೆಯೋಳು" ಎಂದೇ ಮಾತಾಡತೊಡಗಿದರು. ಆ ಕಡೆಯೋಳಿಗೆ ಚಳಿಯೋ ಏನೋ. ಈ ಕಡೆಯೋಳಿಗೆ ಹಾಲು ಕೊಟ್ಟೆಯಾ.

ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಟೈಲರಕ್ಕ ಶಿಬಿರದ ಕಚೇರಿಗೆ ಫೋನು ಮಾಡಿದಳು.

"ನಲವತ್ತೊಂದಾ? ಇದಾಳಲ್ಲ ತಾಯಿ," ಅಂದಿತು ಒಂದು ಗಂಡು ಧ್ವನಿ. "ಚೆನ್ನಾಗಿದಾಳೆ. ಹೇಳಿದ ಮಾತು ಕೇಳ್ತಾಳೆ, ತೊಂದರೆ ಇಲ್ಲದ ಮಗು. ನಿನ್ನೆ ಯಾರೋ ಕಡಲೆಕಾಯಿ ಕೊಟ್ಟರಂತೆ, 'ನನಗೆ ಮೈ ಉಬ್ಬುತ್ತೆ' ಅಂತ ತಾನೇ ಬೇಡ ಅಂದಳು. ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ."

ಆ ಹೊತ್ತಿಗೆ ಬುಗುರಿ ಹೊಸ್ತಿಲ ಮೇಲೆ ಕೂತು ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಳು. ಬಿಸಿಲು ಬೆನ್ನ ಮೇಲಿತ್ತು. ನಮ್ಮ ಮಗು ಇಲ್ಲೇ ಇದೆ ಎಂದು ಹೇಳಲು ಟೈಲರಕ್ಕ ಬಾಯಿ ತೆರೆದಳು. ಹೇಳಿದರೆ ಇಬ್ಬರಲ್ಲಿ ಒಬ್ಬಳು ಇಲ್ಲವಾಗುತ್ತಾಳೆ, ಯಾವಳೆಂದು ಗೊತ್ತಿಲ್ಲ ಅನ್ನಿಸಿತು. ಹುಚ್ಚು ಯೋಚನೆ ಎಂದು ಅವಳಿಗೂ ಗೊತ್ತಿತ್ತು. ಆದರೂ "ಸರಿ" ಎಂದು ಫೋನು ಇಟ್ಟುಬಿಟ್ಟಳು.

ಎರಡನೆಯ ಕಾರ್ಡಿನ ಜೊತೆ ಒಂದು ಫೋಟೋ ಬಂತು. ಕಾಗದದ ಮೇಲಿದ್ದ ಚಿತ್ರದಂತೆಯೇ ಇತ್ತು. ನೀರು, ದಡ, ಸಾಲಾಗಿ ಬೆನ್ನು ತಿರುಗಿಸಿ ನಿಂತ ಮಕ್ಕಳು. ನಲವತ್ತೊಂದು ಎಂಬ ಅಂಕಿ ಎಲ್ಲೂ ಕಾಣುತ್ತಿರಲಿಲ್ಲ, ಟೈಲರಕ್ಕನಿಗೆ ಅದು ಬೇಕೂ ಇರಲಿಲ್ಲ. ತನ್ನ ಹೊಲಿಗೆ ತನಗೆ ಗೊತ್ತು. ಕಿಟಕಿಯ ಬೆಳಕಿಗೆ ಹಿಡಿದಳು. ಎಡದಿಂದ ಏಳನೆಯ ಬೆನ್ನು. ನೀಲಿ ಅಂಗಿ, ಎರಡು ಸಾಲಿನ ಹೊಲಿಗೆ. ಅಂಗಿ ಮೈಗೆ ಮೈಯಾಗಿ ಕೂತಿತ್ತು, ಒಂದು ಸುಕ್ಕಿಲ್ಲ. ಒಳಗೆ ಪದರವಿಟ್ಟು ಮೇಲೆತ್ತಿದ್ದ ಎಡಭುಜ ಬಲಭುಜಕ್ಕೆ ಸರಿಸಮವಾಗಿತ್ತು. ಬುಗುರಿ ತೊಟ್ಟಿದ್ದರೆ ಆ ಕಡೆ ಉಬ್ಬಿ ನಿಲ್ಲುತ್ತಿತ್ತು.

ನಾಲ್ಕಕ್ಕೆ ಮಗಳು ಬಂದಾಗ ಅವಳು ಫೋಟೋ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಗೊಂಬೆ ಎಲ್ಲಿ?"

ಬುಗುರಿ ಚೀಲ ಇಳಿಸಲಿಲ್ಲ.

"ಚೀಟಿ ಯಾರಿಗೆ ಕೊಟ್ಟೆ?"

"ಯಾರಿಗೂ ಇಲ್ಲ. ಹರಿದು ಹಾಕಿದೆ."

"ಮತ್ತೆ?"

"ಮತ್ತೇನು? ಅವಳು ಬಸ್ಸು ಹತ್ತಿದಳು. ನಲವತ್ತೊಂದು ಅಂದ್ರು, ಕೈ ಎತ್ತಿದಳು. ಅವಳ ಮಾವನ ಮನೇಲಿ ಸ್ಕೂಲಿನವರು ಪುಕ್ಕಟೆ ಕಳಿಸ್ತಿದ್ದಾರೆ ಅಂತ ಹೇಳಿದ್ದಳು."

"ನಾನು ಬೇಡ ಅಂದಿದ್ದೆ!"

"ನಾನು ಹೋಗೋದು ಬೇಡ ಅಂದೆ. ಬಟ್ಟೆ ಹೋಗೋದು ಬೇಡ ಅಂದಿದ್ಯಾ?" ಎರಡು ವಾರದ ಮೌನ ಒಮ್ಮೆಗೇ ಒಡೆಯಿತು. "ಆ ಬಟ್ಟೆ ಅವಳಿಗೇ ಹೊಲಿದಿದ್ದಲ್ವಾ? ಯಾವಾಗ್ಲೂ ಅವಳಿಗೇ ಅಲ್ವಾ ಹೊಲಿಯೋದು? ನನಗೆ ಒಂದಾದ್ರೂ ಸರಿಯಾಗುತ್ತಾ, ನೋಡು!" ತೊಟ್ಟ ಅಂಗಿಯ ಎಡಭುಜವನ್ನು ಹಿಡಿದು ಜಗ್ಗಿದಳು. ಬಟ್ಟೆ ಕುತ್ತಿಗೆಯ ಹತ್ತಿರ ಗುಬುಟಾಗಿ ಎದ್ದು ನಿಂತಿತ್ತು. ವರ್ಷದಿಂದ ಹಾಗೇ ನಿಂತಿತ್ತು.

ಗಂಡ ಬಂದು ವಿಷಯ ಕೇಳಿದವನೇ ಫೋನಿಗೆ ಕೈ ಹಾಕಿದ. "ಫಾರಂ ಮೇಲಿರೋದು ನನ್ನ ಸಹಿ. ಏನಾದ್ರೂ ಆದ್ರೆ ಯಾರು ಹೊಣೆ? ನಾಳೆಯೇ ಕರೆಸಬೇಕು."

"ಏನಂತ ಹೇಳ್ತೀಯ?" ಅತ್ತೆ ಕೇಳಿದರು. "ನಮ್ಮ ಮಗಳು ಮನೇಲಿದ್ದಾಳೆ, ಅಲ್ಲಿರೋದು ಯಾರು ಅಂತ ನೋಡಿ ಅಂತನಾ? ನಾಲ್ಕು ಜನರ ಮುಂದೆ ಆ ಕೂಸನ್ನ ಕಳ್ಳಿ ಮಾಡಿ ಬಸ್ಸು ಹತ್ತಿಸ್ತಾರೆ."

"ಮೊದಲು ಅವಳ ಮನೆಗೆ ಹೇಳ್ತೀನಿ," ಅಂದಳು ಟೈಲರಕ್ಕ.

ಬೀಗದ ಕೈ ಅಂಗಡಿ ಸಂತೆ ಬೀದಿಯ ಕೊನೆಯಲ್ಲಿತ್ತು. ಗೋಡೆಯ ತುಂಬ, ಮಾಡಿನ ತುಂಬ ಸಾವಿರಾರು ಬೀಗದ ಕೈಗಳು ನೇತಾಡುತ್ತಿದ್ದವು. ಬಾಗಿಲು ತೆಗೆದ ಗಾಳಿಗೆ ಅವೆಲ್ಲ ಒಟ್ಟಿಗೆ ಕಿಣಿಗುಟ್ಟಿದವು, ನಿಂತವು. ಸೋದರಮಾವ ಯಂತ್ರದ ಮೇಲೆ ಬಗ್ಗಿದ್ದವನು ತಿರುಗಲಿಲ್ಲ. ಅವನ ಹೆಂಡತಿ ಎದ್ದುಬಂದಳು.

"ಹುಡುಗೀನಾ? ಯಾವುದೋ ಕ್ಯಾಂಪಿಗೆ ಹೋಗಿದಾಳೆ. ಸ್ಕೂಲಿನವರು ಕರ್ಕೊಂಡು ಹೋಗಿದಾರೆ."

"ಎಲ್ಲಿ, ಯಾವಾಗ ಬರ್ತಾಳೆ ಅಂತ..."

"ಕೇಳಲಿಲ್ಲ. ಬಂದಾಗ ಬರ್ತಾಳೆ. ಯಾಕೆ, ನಿಮ್ಮನೇಲಿ ಏನಾದ್ರೂ ಕಾಣೆಯಾಯ್ತಾ?"

"ಇಲ್ಲಮ್ಮ. ಹಾಗೇನಿಲ್ಲ." ಟೈಲರಕ್ಕನ ಕಣ್ಣು ಹೆಂಗಸಿನ ಹಿಂದಕ್ಕೆ ಹೋಯಿತು. ಗೋಡೆಯ ಮೂಲೆಯಲ್ಲಿ ಒಂದು ಮಡಿಸುವ ಮಂಚ. ಮಂಚದ ಮೇಲೆ ಹಿತ್ತಾಳೆ ಬೀಗದ ಪೆಟ್ಟಿಗೆಗಳನ್ನು ಎದೆಯೆತ್ತರ ಪೇರಿಸಿದ್ದರು. ಅವುಗಳ ಮೇಲೆ ಆಗಲೇ ಧೂಳು ಕೂತಿತ್ತು. "ಅವಳು ಮಲಗೋದು..."

"ಇಲ್ಲೇ. ಈಗ ಜಾಗ ಖಾಲಿ ಇತ್ತಲ್ಲ, ಸಾಮಾನು ಇಟ್ಟಿದ್ದೀವಿ."

ಟೈಲರಕ್ಕ ತಿರುಗಿ ಬಂದಳು. ಹಿಂದೆ ಬೀಗದ ಕೈಗಳು ಮತ್ತೆ ಕಿಣಿಗುಟ್ಟಿದವು. ಮನೆಗೆ ಬಂದು ಗಂಡನಿಗೆ ಒಂದೇ ಮಾತು ಹೇಳಿದಳು: "ಫೋನು ಮಾಡ್ಬೇಡಿ. ಇನ್ನೆರಡು ವಾರ ಅಲ್ವಾ, ಇರಲಿ." ಅವನು ಗೊಣಗಿದ, ಸಹಿಯ ಮಾತು ಮತ್ತೆರಡು ಸಲ ತೆಗೆದ. ಬುಗುರಿ ಅವತ್ತು ಕೇಳಿ ಕೇಳಿ ಎರಡು ಸಲ ಅನ್ನ ಹಾಕಿಸಿಕೊಂಡಳು.

ಅಲ್ಲಿಗೆ ಹೆದರಿಕೆ ಹೋಗಬೇಕಿತ್ತು. ಯಾರು, ಏನು, ಎಲ್ಲ ತಿಳಿಯಿತಲ್ಲ. ಆದರೆ ಟೈಲರಕ್ಕ ಮೊದಲ ಕಾರ್ಡನ್ನು ದಿನಕ್ಕೊಮ್ಮೆ ತೆಗೆದು ಓದುತ್ತಿದ್ದಳು. 'ನಿಮ್ಮ ಮಗಳು' ಎಂದು ಬರೆಯುವಾಗ ಆ ಹುಡುಗಿಯ ಕೈ ಒಂದು ಕಡೆಯೂ ತಡೆದಿರಲಿಲ್ಲ.

ಮೂರನೆಯ ಕಾರ್ಡು ಶನಿವಾರ ಮಧ್ಯಾಹ್ನ ಬಂತು. ಈ ಸಲ ಬುಗುರಿಯೇ ಗಟ್ಟಿಯಾಗಿ ಓದಿದಳು.

"ಅಮ್ಮ, ಭಾನುವಾರ ಎಲ್ಲರ ಮನೆಯವರೂ ಬರುತ್ತಾರಂತೆ. ನೀವು ಬರದಿದ್ದರೂ ಪರವಾಗಿಲ್ಲ. ಯಾರ ಅಮ್ಮನ ಪಕ್ಕದಲ್ಲಾದರೂ ನಿಂತುಕೊಳ್ಳುತ್ತೇನೆ, ನಿಲ್ಲುವುದು ನನಗೆ ಅಭ್ಯಾಸ. ಅವತ್ತು ಈಜು ಬರುವವರೆಲ್ಲ ಎಲ್ಲರ ಮುಂದೆ ಕೆರೆ ದಾಟಬೇಕು. ಪಟ್ಟಿಯಲ್ಲಿ ನನ್ನ ಸಂಖ್ಯೆಯೂ ಇದೆ. ನಿಮ್ಮ ಮಗಳು..."

ಬುಗುರಿ ಅಲ್ಲಿಗೇ ನಿಲ್ಲಿಸಿದಳು.

"ಅಮ್ಮ, ಅವಳಿಗೆ ಈಜು ಬರಲ್ಲ."

ಗಂಡ ಕುಡಿಯುತ್ತಿದ್ದ ಲೋಟ ಕೆಳಗಿಟ್ಟ. ಬರುತ್ತೆ, ಮೀನು ಎಂದು ಬರೆದದ್ದು ಅವನೇ.

ಶಿಬಿರದ ಫೋನು ಹೊಡೆದುಕೊಂಡೇ ಇತ್ತು. ಹತ್ತರಿಂದ ಹನ್ನೆರಡರವರೆಗೆ ಬಿಟ್ಟರೆ ಎತ್ತುವವರು ಯಾರೂ ಇರಲಿಲ್ಲ. ಗಂಡ ಇಪ್ಪತ್ತು ಸಲ ಮಾಡಿದ. ಭಾನುವಾರ ಮೊದಲ ಬಸ್ಸಿಗೆ ಟೈಲರಕ್ಕ ಮಗಳನ್ನು ಕರೆದುಕೊಂಡು ಹೊರಟಳು. ಬೆಳಗಿನಿಂದ ಮತ್ತೆ ಫೋನು ಮಾಡಲು ಗಂಡ ಮನೆಯಲ್ಲಿ ಉಳಿದ. ಅತ್ತೆ ಬಾಗಿಲ ತನಕ ಬಂದರು. "ಇಬ್ಬರನ್ನೂ ಎಣಿಸಿಕೊಂಡು ಬಾ," ಅಂದರು. ಅದು ತಮಾಷೆಯಾಗಿರಲಿಲ್ಲ.

ನಾಲ್ಕು ಗಂಟೆಯ ದಾರಿ. ಬಸ್ಸು ಇಳಿದು ಮರಗಳ ನಡುವೆ ಅರ್ಧ ಗಂಟೆ ನಡೆಯಬೇಕು. ಹಕ್ಕಿಯ ಸದ್ದೂ ಇರಲಿಲ್ಲ. ಗೇಟಿನಲ್ಲಿ ಹಳದಿ ಟೋಪಿಯ ಮೇಲ್ವಿಚಾರಕಿಯೊಬ್ಬಳು ದಪ್ಪ ಪುಸ್ತಕ ಬಿಡಿಸಿಕೊಂಡು ಕೂತಿದ್ದಳು.

"ಯಾವ ನಂಬರು?"

"ನಲವತ್ತೊಂದು. ಎಲ್ಲಿದಾಳೆ? ಅವಳನ್ನ ನೀರಿಗೆ..."

"ಆಗಲೇ ಇಳಿದಿದ್ದಾರಲ್ಲ, ಇನ್ನೇನು ಈ ದಡಕ್ಕೆ ಬರ್ತಾರೆ. ಸಂಬಂಧ ಏನು? ಇಲ್ಲಿ ಬರೀರಿ."

ಬರೆಯಲು ನಿಲ್ಲದೆ ಟೈಲರಕ್ಕ ಓಡಿದಳು. ಬುಗುರಿ ಅವಳಿಗಿಂತ ಮುಂದೆ ಓಡಿದಳು.

ಕೆರೆ ಚಿತ್ರದಲ್ಲಿದ್ದಂತೆಯೇ ಇತ್ತು, ಅಲುಗದ ನೀರು. ದಡದ ತುಂಬ ಹೆತ್ತವರು ನೀರಿಗೆ ಮುಖ ಮಾಡಿ, ಇವರಿಗೆ ಬೆನ್ನು ಕೊಟ್ಟು ನಿಂತಿದ್ದರು. ದೂರದಲ್ಲಿ ಬಿಳಿ ಟೋಪಿಯ ತಲೆಗಳು, ಅಕ್ಕಪಕ್ಕ ಎರಡು ದೋಣಿ. ಪ್ರತಿ ಟೋಪಿಯ ಮೇಲೂ ಕರಿಯ ಅಂಕಿ. ಟೈಲರಕ್ಕ ನೀರಿನ ಅಂಚಿಗೆ ನುಗ್ಗಿ ಒಂದೊಂದೇ ಅಂಕಿ ಓದತೊಡಗಿದಳು. ಏಳು. ಹತ್ತೊಂಬತ್ತು. ಮೂವತ್ತು. ಒಂದೊಂದೇ ಟೋಪಿ ದಡಕ್ಕೆ ತಾಗಿ ಮಗುವಾಗಿ ಎದ್ದು, ಯಾರದೋ ತೋಳಿಗೆ ಓಡಿತು. ಹನ್ನೆರಡು. ಇಪ್ಪತ್ತಾರು. ನೀರು ಖಾಲಿಯಾಗುತ್ತ ಬಂತು.

"ಅಲ್ಲಿ," ಅಂದಳು ಬುಗುರಿ. ಅವಳ ಉಗುರು ತಾಯಿಯ ಕೈಯೊಳಗೆ ಇಳಿದಿತ್ತು.

ಎಲ್ಲರಿಗಿಂತ ಹಿಂದೆ ಒಂದು ಟೋಪಿ ಬರುತ್ತಿತ್ತು. ಬಡಿಯುವ ಸದ್ದಿಲ್ಲ, ಏದುಸಿರಿಲ್ಲ. ಒಂದು ಗೆರೆ ಎಳೆದ ಹಾಗೆ ನೆಟ್ಟಗೆ ಬಂತು. ಮೊಣಕಾಲುದ್ದ ನೀರಿನಲ್ಲಿ ಎದ್ದು ನಿಂತಿತು. ೪೧.

ಗೊಂಬೆ ಇಬ್ಬರನ್ನೂ ನೋಡಿದಳು. ಓಡಿ ಬರಲಿಲ್ಲ. ಅಲ್ಲೇ, ನೀರಿನಲ್ಲೇ, ತೋಳನ್ನು ಸ್ವಲ್ಪ ಅಗಲಿಸಿ ನಿಂತುಕೊಂಡಳು, ಸ್ಟೂಲಿನ ಮೇಲೆ ನಿಲ್ಲುವ ಹಾಗೆ.

ಟೈಲರಕ್ಕ ಚಪ್ಪಲಿ ಸಮೇತ ನೀರಿಗಿಳಿದು ಅವಳನ್ನು ಎಳೆದುಕೊಂಡಳು. "ನಿನಗೆ ಈಜು ಬರಲ್ಲವಲ್ಲೇ!"

"ಬರಲ್ಲ ಅಂತ ನಾನೂ ಮೊದಲನೇ ದಿನ ಹೇಳಿದೆ," ಹುಡುಗಿಯ ಹಲ್ಲು ಕಟಕಟ ಎನ್ನುತ್ತಿತ್ತು. "ಫಾರಂನಲ್ಲಿ ಬರುತ್ತೆ ಅಂತಿದೆಯಲ್ಲ ಅಂದ್ರು. ನಾಚಿಕೆ ಪಡ್ಬೇಡ ಅಂದ್ರು. ಹಾಗಾದ್ರೆ ಬರುತ್ತೇನೋ ಅಂದ್ಕೊಂಡು ಇಳಿದೆ." ಸ್ವಲ್ಪ ತಡೆದು ಹೇಳಿದಳು. "ಬಂತು."

ಟೈಲರಕ್ಕ ಸೆರಗಿನಿಂದ ಹುಡುಗಿಯ ತಲೆ, ಕುತ್ತಿಗೆ, ತೋಳು ಒರೆಸಿದಳು. ಕೈ ಎಡಭುಜಕ್ಕೆ ಬಂದು ನಿಂತಿತು. ಅದು ತಗ್ಗಾಗಿರಲಿಲ್ಲ. ಮತ್ತೊಮ್ಮೆ ಮುಟ್ಟಿ ನೋಡಿದಳು. ದೋಣಿಯ ಹುಟ್ಟು ಹಾಕಿ ಹಾಕಿ ಬಲ ಬಂದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಬೆರಳು ಆ ಮಾತನ್ನು ಒಪ್ಪಲಿಲ್ಲ.

ಮೇಲ್ವಿಚಾರಕಿ ಪುಸ್ತಕ ಹಿಡಿದು ಹಿಂದೆಯೇ ಬಂದಿದ್ದಳು. ಒದ್ದೆ ಹುಡುಗಿಯನ್ನು ಸೆರಗಿನಲ್ಲಿ ಸುತ್ತಿಕೊಂಡವಳನ್ನು ನೋಡಿ ನಕ್ಕಳು. "ಸಂಬಂಧ ಏನು ಅಂತ ಕೇಳೋ ಹಾಗೇ ಇಲ್ಲ ಬಿಡಿ. ನೋಡಿದ್ರೇ ಗೊತ್ತಾಗುತ್ತೆ." ತಾನೇ 'ತಾಯಿ' ಎಂದು ಬರೆದುಕೊಂಡಳು. "ಈ ಮಗು ಯಾರು?"

ಬುಗುರಿ ದಡದ ಮೇಲೆ ಒಬ್ಬಳೇ ನಿಂತಿದ್ದಳು. ಊಟದ ಡಬ್ಬಿಯ ಚೀಲ ಎಡಭುಜಕ್ಕೆ ತೂಗುಬಿದ್ದು ಭುಜ ವಾಲಿತ್ತು. ತಾಯಿಯನ್ನೇ ನೋಡುತ್ತಿದ್ದಳು. ಬಸ್ಸಿನಿಂದ ಬೇರೆ ಸ್ಟಾಪಿನಲ್ಲಿ ಇಳಿದ ದಿನ, ಮೂರು ಗಂಟೆಯ ನಂತರ ಬೀದಿಯ ಆ ತುದಿಯಲ್ಲಿ ಸಿಕ್ಕಾಗ ನೋಡುತ್ತಿದ್ದ ಹಾಗೆ.

"ನಾನು ಅವಳ ಫ್ರೆಂಡು," ಅಂದಳು ಬುಗುರಿ, ತಾಯಿ ಬಾಯಿ ತೆರೆಯುವ ಮುಂಚೆ. ಮೇಲ್ವಿಚಾರಕಿ ತಲೆಯಾಡಿಸಿ ಮುಂದೆ ಹೋದಳು.

ಟೈಲರಕ್ಕ ನೀರಿನಿಂದ ಮೇಲೆ ಬಂದಳು. ಸೆರಗಿನ ತುದಿ ಗೊಂಬೆಯ ಕೈಯಲ್ಲೇ ಇತ್ತು. "ಶನಿವಾರ ಬಸ್ಸು ಬಂದಾಗ ನೆಟ್ಟಗೆ ನಮ್ಮನೆಗೆ ಬಾ," ಅಂದಳು ಅವಳಿಗೆ. "ಪೆಟ್ಟಿಗೆ ಅಲ್ಲಿಗೇ ಬರುತ್ತೆ. ಅದರಲ್ಲಿರೋ ಬಟ್ಟೆಯೆಲ್ಲ ನಿಂದೇ. ನಿನ್ನ ಮಾವನ ಹತ್ರ ನಾನು ಮಾತಾಡ್ತೀನಿ." ಆಮೇಲೆ ಮಗಳ ಮುಂದೆ ಹೋಗಿ ನಿಂತಳು. "ಚೀಲ ಇಳಿಸು."

"ಯಾಕೆ?"

"ಇಳಿಸೇ."

ಬುಗುರಿ ಚೀಲ ಕೆಳಗಿಟ್ಟಳು. ಆ ಭುಜ ಮೇಲೆ ಬರುತ್ತದೋ ಎಂದು ಟೈಲರಕ್ಕ ನೋಡಿದಳು. ಬಂತು. ಎಲ್ಲಿರಬೇಕೋ ಅಲ್ಲಿ ಬಂದು ನಿಂತಿತು.

ಅವಳ ಕೈಚೀಲದಲ್ಲಿ ಟೇಪು ಯಾವಾಗಲೂ ಇರುತ್ತಿತ್ತು. ಅದನ್ನು ತೆಗೆದಳು. ಮಗಳು ತುರಿಸಿಕೊಳ್ಳಲಿಲ್ಲ, ಕಚಗುಳಿ ಎನ್ನಲಿಲ್ಲ. ಎರಡೂ ಪಾದ ಜೋಡಿಸಿ, ಅಲುಗಾಡದೆ ನಿಂತಳು.

"ಮೊದಲು ಭುಜ," ಅಂದಳು ಹಿಂದಿನಿಂದ ಗೊಂಬೆ, ಅಳತೆಯ ಕ್ರಮ ಅವಳಿಗೆ ಬಾಯಿಪಾಠ. ಟೇಪು ಬಿಚ್ಚುವ ಮುಂಚೆಯೇ ಅಂಕಿಯನ್ನೂ ಹೇಳಿಬಿಟ್ಟಳು. "ಹದಿಮೂರೂವರೆ."

ಟೈಲರಕ್ಕ ಟೇಪಿನ ತುದಿಯನ್ನು ಒಂದು ಮೂಳೆಯ ಮೇಲಿಟ್ಟು ಇನ್ನೊಂದು ಮೂಳೆಯವರೆಗೆ ಎಳೆದಳು. ಬಗ್ಗಿ ನೋಡಿದಳು. ಕಣ್ಣು ಮಂಜಾಗಿತ್ತು, ಒರೆಸಿಕೊಂಡು ಮತ್ತೆ ನೋಡಿದಳು.

"ಅಲ್ಲ," ಅಂದಳು. "ಹದಿನಾಲ್ಕೂಕಾಲು."

ಬರೆದುಕೊಳ್ಳಲು ಪೆನ್ಸಿಲು ತಂದಿರಲಿಲ್ಲ. ಮರೆಯದ ಹಾಗೆ ಇನ್ನೊಂದು ಸಲ ಗಟ್ಟಿಯಾಗಿ ಹೇಳಿಕೊಂಡಳು.